ಕಂಪ್ಯೂಟರ್ ಕೊಟ್ಟ ‘ಕಾರ್ಟಿಲೇಜ್ ಸ್ಕೋರ್ 63’: ಮಂಡಿಯ ಬಗ್ಗೆ ಅದು ನಿಜಕ್ಕೂ ಏನು ಹೇಳುತ್ತದೆ?

ಪ್ರಶ್ನೆ: ನನಗೆ 56 ವರ್ಷ, ಪ್ರೌಢಶಾಲೆಯಲ್ಲಿ ಶಿಕ್ಷಕಿ. ಎರಡು ವರ್ಷದಿಂದ ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ ಎಡ ಮಂಡಿ ನೋಯುತ್ತದೆ. ಬೆಳಿಗ್ಗೆ ಐದು-ಹತ್ತು ನಿಮಿಷ ಬಿಗಿದುಕೊಂಡಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ. ಎಕ್ಸ್‌ರೇಯಲ್ಲಿ ‘ಗ್ರೇಡ್ 2’ ಎಂದು ಬಂತು. ಆಮೇಲೆ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ಎಐ ಕಾರ್ಟಿಲೇಜ್ ಮ್ಯಾಪಿಂಗ್ ಎಂಬ ಎಂಆರ್‌ಐ ಮಾಡಿಸಿದೆ. ಕೆಂಪು, ಹಳದಿ, ಹಸಿರು ಬಣ್ಣದ ಚಿತ್ರದ ಜೊತೆ ‘ಕಾರ್ಟಿಲೇಜ್ ಹೆಲ್ತ್ ಸ್ಕೋರ್ 63’ ಎಂದು ಬರೆದುಕೊಟ್ಟಿದ್ದಾರೆ. ಪಿಆರ್‌ಪಿ, ಅಂದರೆ ನನ್ನದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಕಣಗಳ ದ್ರವದ ಮೂರು ಇಂಜೆಕ್ಷನ್ ತೆಗೆದುಕೊಂಡು ಆರು ತಿಂಗಳ ನಂತರ ಮತ್ತೆ ಮ್ಯಾಪಿಂಗ್ ಮಾಡಿಸಿದರೆ ಅಂಕ ಏರಿರುವುದು ಕಾಣುತ್ತದೆ ಎನ್ನುತ್ತಾರೆ. ಈ 63 ಅನ್ನು ಎಷ್ಟು ನಂಬಬಹುದು?

ಉತ್ತರ: ಆ ಒಂದು ಅಂಕಿಯನ್ನು ನಂಬಿ ಯಾವ ಚಿಕಿತ್ಸೆಯನ್ನೂ ಶುರು ಮಾಡಬೇಡಿ, ಓಡಾಟವನ್ನಂತೂ ಕಡಿಮೆ ಮಾಡಲೇಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಅಂಕಿ ಕಂಡ ಕೂಡಲೇ ‘ಮಂಡಿಯ ಮೂರನೇ ಒಂದು ಪಾಲು ಹೋಯಿತು’ ಎಂದು ಲೆಕ್ಕ ಹಾಕಿಕೊಂಡು ನಡೆಯುವುದನ್ನೇ ಬಿಡುವವರಿದ್ದಾರೆ. ಮೂಳೆ-ಕೀಲುಗಳ ಎಂಆರ್‌ಐ ಓದುವುದು ನನ್ನ ದಿನನಿತ್ಯದ ಕೆಲಸ. ಕಂಪ್ಯೂಟರ್ ಅಳೆದ ಕಾರ್ಟಿಲೇಜ್ ನಕ್ಷೆಗಳನ್ನು ನಾನೂ ಬಳಸುತ್ತೇನೆ, ಆ ತಂತ್ರಜ್ಞಾನದ ಮೇಲೆ ನನಗೆ ಗೌರವವಿದೆ. ಆದರೆ ಅಳತೆ ಎಂದ ಮೇಲೆ ಅದು ಏನನ್ನು ಅಳೆಯಿತು, ಎಷ್ಟು ತಪ್ಪಬಹುದು ಎಂಬ ಎರಡು ಮಾತು ಜೊತೆಗೇ ಬರಬೇಕು. ನೀವು ಬರೆದಿರುವುದರಲ್ಲಿ ಅವೆರಡೂ ಇಲ್ಲ. ‘ಕಾರ್ಟಿಲೇಜ್ ಹೆಲ್ತ್ ಸ್ಕೋರ್’ ಎಂಬ, ಎಲ್ಲರೂ ಒಪ್ಪಿದ ಒಂದು ಮಾಪಕವೇ ವೈದ್ಯಕೀಯದಲ್ಲಿಲ್ಲ. ಒಂದು ಕಂಪನಿಯ 63 ದಪ್ಪದ ಲೆಕ್ಕವಾಗಿರಬಹುದು, ಇನ್ನೊಂದರದು ನೀರಿನಂಶದ ಲೆಕ್ಕ, ಮತ್ತೊಂದರದು ಎರಡನ್ನೂ ಕಲಸಿದ್ದು.

ಮಂಡಿಯೊಳಗೆ ತೊಡೆಮೂಳೆಯ ತುದಿ, ಅದರ ಕೆಳಗಿನ ಟಿಬಿಯಾ ಮೂಳೆಯ ತಲೆ, ಮುಂದಿನ ಚಿಪ್ಪಿನ ಹಿಂಬದಿ, ಈ ಮೂರಕ್ಕೂ ನುಣುಪಾದ ಹೊದಿಕೆ ಇದೆ. ಅದೇ ಕಾರ್ಟಿಲೇಜ್, ಪಠ್ಯಪುಸ್ತಕದಲ್ಲಿ ನೀವು ಮೃದ್ವಸ್ಥಿ ಎಂದು ಕಲಿಸುವುದು. ಹೆಚ್ಚಿನ ಕಡೆ ಅದರ ದಪ್ಪ 2ರಿಂದ 4 ಮಿಲಿಮೀಟರ್. ತೂಕದ ಮುಕ್ಕಾಲು ಪಾಲಿನಷ್ಟು ನೀರು. ಉಳಿದದ್ದರಲ್ಲಿ ಮುಖ್ಯವಾದವು ಒತ್ತಾಗಿ ಹೆಣೆದುಕೊಂಡ ಕೊಲಾಜೆನ್ ಎಳೆಗಳು ಮತ್ತು ಆ ಎಳೆಗಳ ನಡುವೆ ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಅಣುಗಳು. ರಕ್ತನಾಳ ಇಲ್ಲ, ಹಾಗಾಗಿ ಸವೆದದ್ದು ತಾನಾಗಿ ತುಂಬಿಕೊಳ್ಳುವುದು ತೀರಾ ಕಡಿಮೆ. ನರವೂ ಇಲ್ಲ, ಹಾಗಾಗಿ ಕಾರ್ಟಿಲೇಜ್ ಸ್ವತಃ ನೋಯುವುದಿಲ್ಲ. ನೋವು ಬರುವುದು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯ ಉರಿಯೂತದಿಂದ, ಸುತ್ತಲಿನ ಸ್ನಾಯು ಮತ್ತು ಅಸ್ಥಿರಜ್ಜುಗಳಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣುವುದೇ ಇಲ್ಲ. ಎರಡು ಮೂಳೆಗಳ ನಡುವಿನ ಸಂದು ಕಾಣುತ್ತದೆ, ಅದು ಕಿರಿದಾಗಿದ್ದರೆ ‘ಗ್ಯಾಪ್ ಕಡಿಮೆಯಾಗಿದೆ’ ಎನ್ನುತ್ತೇವೆ. ಆ ಸಂದಿನಲ್ಲಿ ಕಾರ್ಟಿಲೇಜ್ ಜೊತೆ ಮೆನಿಸ್ಕಸ್ ಎಂಬ ಗಾದಿಯೂ ಕೂತಿರುತ್ತದೆ. ಅದು ಜಾಗ ಬಿಟ್ಟು ಹೊರಗೆ ಸರಿದರೂ ಸಂದು ಕಿರಿದಾಗುತ್ತದೆ. ನಿಮ್ಮ ‘ಗ್ರೇಡ್ 2’ ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು 1957ರಲ್ಲಿ ಕೊಟ್ಟ 0ಯಿಂದ 4ರವರೆಗಿನ ಮಾಪಕದ್ದು. ಮೂಳೆಯ ಅಂಚಿನಲ್ಲಿ ಚಿಕ್ಕ ಮುಳ್ಳುಗಳು ಖಚಿತವಾಗಿ ಬೆಳೆದಿವೆ, ಸಂದು ಸ್ವಲ್ಪ ಕಿರಿದಾಗಿರಬಹುದು ಎಂದು ಅದರ ಅರ್ಥ. ಆರಂಭದ ಹಂತ. ಒಂದು ವಿಷಯ ನೋಡಿಕೊಳ್ಳಿ: ಎಕ್ಸ್‌ರೇಯನ್ನು ನಿಲ್ಲಿಸಿ ತೆಗೆದರೋ, ಮಲಗಿಸಿ ತೆಗೆದರೋ? ಮಲಗಿದಾಗ ಮಂಡಿಯ ಮೇಲೆ ಮೈಭಾರ ಬೀಳುವುದಿಲ್ಲ, ಸವೆದ ಕೀಲಿನಲ್ಲೂ ಸಂದು ಅಗಲವಾಗಿಯೇ ಕಾಣಬಹುದು.

ಈ ಗ್ರೇಡ್ ಹಾಕುವ ಕೆಲಸಕ್ಕೂ ಈಗ ಕಂಪ್ಯೂಟರ್ ಬಂದಿದೆ. ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಪ್ರೋಗ್ರಾಂ ಸುಮಾರು ಶೇ 67 ಎಕ್ಸ್‌ರೇಗಳಿಗೆ ತಜ್ಞರು ಕೊಟ್ಟ ಗ್ರೇಡನ್ನೇ ಕೊಟ್ಟಿತು. ಕಡಿಮೆ ಎನಿಸಬಹುದು. ಆದರೆ ತಪ್ಪಿದ ಕಡೆ ಬಹುಪಾಲು ಪಕ್ಕದ ಗ್ರೇಡಿಗೇ ಜಾರಿತ್ತು, ಮನುಷ್ಯರ ನಡುವೆಯೂ ಅದೇ ಭಿನ್ನಾಭಿಪ್ರಾಯ ಇರುತ್ತದೆ. ಗ್ರೇಡ್ 1ಕ್ಕೂ 2ಕ್ಕೂ ನಡುವಿನ ಗೆರೆ ಅಷ್ಟು ತೆಳು. ರೇಡಿಯಾಲಜಿಸ್ಟ್ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ಪ್ರೋಗ್ರಾಂ ಎಲ್ಲ ಎಕ್ಸ್‌ರೇಗಳನ್ನೂ ಒಂದೇ ಕಣ್ಣಿಂದ ನೋಡುತ್ತದಲ್ಲ, ಅದು ದೊಡ್ಡ ಉಪಕಾರ ಎಂದೇ ನನ್ನ ಅಭಿಪ್ರಾಯ.

ಇನ್ನು ನಿಮ್ಮ ಎಂಆರ್‌ಐಗೆ ಬರೋಣ. ಕಾರ್ಟಿಲೇಜನ್ನು ನೇರವಾಗಿ ತೋರಿಸುವುದು ಇದೇ. ಅಮೆರಿಕದಲ್ಲಿ 2004ರಿಂದ ನಡೆದ ಆಸ್ಟಿಯೋಆರ್ಥ್ರೈಟಿಸ್ ಇನಿಶಿಯೇಟಿವ್ ಎಂಬ ಅಧ್ಯಯನದಲ್ಲಿ 45ರಿಂದ 79 ವರ್ಷದ 4,796 ಜನರ ಮಂಡಿಗಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ, ಚಿತ್ರಗಳನ್ನು ಜಗತ್ತಿನ ಸಂಶೋಧಕರಿಗೆಲ್ಲ ತೆರೆದಿಟ್ಟರು. ಮಂಡಿ ಅಳೆಯುವ ಪ್ರೋಗ್ರಾಂಗಳಲ್ಲಿ ಬಹಳಷ್ಟು ಕಲಿತದ್ದು ಈ ಚಿತ್ರಗಳಿಂದಲೇ. ಅಲ್ಲಿ ಕಾರ್ಟಿಲೇಜ್ ಅಳೆಯಲು ಬಳಸಿದ ಚಿತ್ರಸರಣಿಯಲ್ಲಿ ಒಂದೊಂದು ಪದರ 0.7 ಮಿಲಿಮೀಟರ್ ದಪ್ಪ, ಪದರದೊಳಗಿನ ಒಂದೊಂದು ಚುಕ್ಕಿ 0.37 ಮತ್ತು 0.46 ಮಿಲಿಮೀಟರ್. ಅಂದರೆ 2 ಮಿಲಿಮೀಟರ್ ದಪ್ಪದ ಕಾರ್ಟಿಲೇಜ್ ಪರದೆಯ ಮೇಲೆ ನಾಲ್ಕೈದು ಚುಕ್ಕಿಗಳ ಸಾಲು, ಅಷ್ಟೆ.

ಆ ನಾಲ್ಕೈದು ಚುಕ್ಕಿಗಳ ಮೇಲೆ ಕಂಪ್ಯೂಟರ್ ಎರಡು ಗೆರೆ ಎಳೆಯಬೇಕು. ಒಳಗಿನ ಗೆರೆ ಮೂಳೆ ಮುಗಿದು ಕಾರ್ಟಿಲೇಜ್ ಶುರುವಾಗುವಲ್ಲಿ. ಮೂಳೆಯ ಗಟ್ಟಿ ಹೊರಪದರ ಕಪ್ಪಾಗಿ ಕಾಣುವುದರಿಂದ ಅದು ಸುಲಭ. ಹೊರಗಿನ ಗೆರೆಯದ್ದೇ ಕಷ್ಟ. ಕೀಲಿನ ದ್ರವ ಪಕ್ಕದಲ್ಲಿದ್ದರೆ ಎರಡರ ಹೊಳಪಿನ ವ್ಯತ್ಯಾಸ ಸಾಕಷ್ಟು ಸಿಗುತ್ತದೆ. ತೊಡೆಮೂಳೆಯ ಕಾರ್ಟಿಲೇಜ್ ಟಿಬಿಯಾದ ಕಾರ್ಟಿಲೇಜಿಗೆ ತಾಗಿ ಕೂತ ಜಾಗದಲ್ಲಿ ಮಾತ್ರ ಬೂದು ಬಣ್ಣ ಬೂದು ಬಣ್ಣಕ್ಕೇ ಅಂಟಿಕೊಂಡಿರುತ್ತದೆ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ನನಗೂ ಪಕ್ಕದ ಪದರಗಳನ್ನು ಹಿಂದೆ ಮುಂದೆ ಓಡಿಸಿ ನೋಡದೆ ಹೇಳಲಾಗದು. ಮೈಭಾರ ಬೀಳುವ, ಬೇಗ ಸವೆಯುವ ಜಾಗವೂ ಅದೇ. ಗೆರೆ ಎಳೆದಾದ ಮೇಲೆ ಮೂಳೆಯ ಮೇಲ್ಮೈಯ ಸಾವಿರಾರು ಬಿಂದುಗಳಿಂದ ಲಂಬವಾಗಿ ಅಳೆದು ಸರಾಸರಿ ದಪ್ಪ ತೆಗೆಯುತ್ತಾರೆ. ಹೊರಗೆರೆ ಅರ್ಧ ಚುಕ್ಕಿ ಸರಿದರೆ ಆ ಬಿಂದುವಿನಲ್ಲಿ ಸುಮಾರು 0.2 ಮಿಲಿಮೀಟರ್ ವ್ಯತ್ಯಾಸ, ಅಂದರೆ 2 ಮಿಲಿಮೀಟರಿನಲ್ಲಿ ಹತ್ತನೇ ಒಂದು ಪಾಲು. ಕೆಲವು ಬಿಂದುವಿನಲ್ಲಿ ಹೆಚ್ಚು, ಕೆಲವದರಲ್ಲಿ ಕಡಿಮೆ ಎಂದು ತಪ್ಪಿದರೆ ಸರಾಸರಿಯಲ್ಲಿ ಸರಿದೂಗುತ್ತದೆ. ಎಲ್ಲ ಬಿಂದುಗಳಲ್ಲೂ ಒಂದೇ ದಿಕ್ಕಿಗೆ ತಪ್ಪಿದರೆ ಸರಿದೂಗುವುದಿಲ್ಲ. ಸ್ಕ್ಯಾನರ್ ಬದಲಾದಾಗ, ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಆಗುವುದು ಹೆಚ್ಚಾಗಿ ಈ ಎರಡನೆಯ ಬಗೆಯ ತಪ್ಪು.

ಮೊದಲು ಈ ಗೆರೆಗಳನ್ನು ಮನುಷ್ಯರು ಕೈಯಲ್ಲಿ ಎಳೆಯುತ್ತಿದ್ದರು, ಒಂದು ಮಂಡಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನಿಂದ ಬಂದ ಯು-ನೆಟ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ವಿನ್ಯಾಸ ಆ ಕೆಲಸವನ್ನು ನಿಮಿಷಗಳಿಗೆ ಇಳಿಸಿತು. ಪ್ರೋಗ್ರಾಂ ಎಷ್ಟು ಚೆನ್ನಾಗಿ ಗೆರೆ ಎಳೆಯಿತು ಎಂದು ನೋಡಲು ಡೈಸ್ ಎಂಬ ಅಂಕ ಬಳಸುತ್ತಾರೆ: ತಜ್ಞರು ಬಣ್ಣ ತುಂಬಿದ ಜಾಗ, ಕಂಪ್ಯೂಟರ್ ಬಣ್ಣ ತುಂಬಿದ ಜಾಗ, ಎರಡೂ ಎಷ್ಟು ಹೊಂದುತ್ತವೆ ಎಂಬುದರ ಲೆಕ್ಕ, ಪೂರ್ತಿ ಹೊಂದಿದರೆ 1. ಒಳ್ಳೆಯ ಪ್ರೋಗ್ರಾಂಗಳು ಕಾರ್ಟಿಲೇಜಿನಲ್ಲಿ 0.85ರಿಂದ 0.90ರ ಆಸುಪಾಸು ಪಡೆಯುತ್ತವೆ. ಕಂಪನಿಗಳ ಜಾಹೀರಾತಿನಲ್ಲಿ ಕಾಣುವ ‘ಶೇ 90 ನಿಖರತೆ’ ಹಲವು ಸಲ ಇದೇ.

ಆ ಅಂಕದೊಳಗೆ ಏನು ಅಡಗಿಕೊಳ್ಳಬಹುದು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡಿ. ತೊಡೆಮೂಳೆಯ ತುದಿಯ ಕಾರ್ಟಿಲೇಜಿನಲ್ಲಿ 5 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ಅಗಲದ ಒಂದು ಹಳ್ಳ ಬಿದ್ದಿದೆ, ಮೂಳೆಯವರೆಗೂ ಕಿತ್ತುಹೋಗಿದೆ ಎಂದುಕೊಳ್ಳಿ. ದಪ್ಪ 2 ಮಿಲಿಮೀಟರ್ ಆದರೆ ಹೋದದ್ದು 50 ಘನ ಮಿಲಿಮೀಟರ್. ಆ ತುದಿಯ ಒಟ್ಟು ಕಾರ್ಟಿಲೇಜ್ ಸುಮಾರು 10,000 ಘನ ಮಿಲಿಮೀಟರ್ ಎಂದು ಹಿಡಿದರೂ ಇದು ಶೇ 0.5 ಮಾತ್ರ. ಪ್ರೋಗ್ರಾಂ ಆ ಹಳ್ಳವನ್ನು ಕಾಣದೆ ಅದರ ಮೇಲೆಯೇ ಬಣ್ಣ ತುಂಬಿಬಿಟ್ಟರೂ ಡೈಸ್ ಅಂಕ ಅಲುಗುವುದೇ ಇಲ್ಲ, ಒಟ್ಟು ಗಾತ್ರದ ಅಂಕಿಯೂ ಅಲುಗುವುದಿಲ್ಲ. ಆದರೆ ಮೂಳೆ ತಜ್ಞರು ಎಂಆರ್‌ಐಯಲ್ಲಿ ಮೊದಲು ಹುಡುಕುವುದು ಆ ಹಳ್ಳವನ್ನೇ. 2019ರಲ್ಲಿ ಆರು ತಂಡಗಳ ಪ್ರೋಗ್ರಾಂಗಳನ್ನು ಒಂದೇ ಚಿತ್ರಗಳ ಮೇಲೆ ಓಡಿಸಿ ನೋಡಿದ ಸ್ಪರ್ಧೆಯೊಂದರಲ್ಲೂ ಇದೇ ಎಚ್ಚರಿಕೆ ಹೊರಬಂತು: ಡೈಸ್ ಅಂಕ ಚೆನ್ನಾಗಿದ್ದ ಮಾತ್ರಕ್ಕೆ ದಪ್ಪದ ಅಳತೆ ಸರಿಯಾಗಿರಲಿಲ್ಲ, ಎರಡಕ್ಕೂ ನಡುವಿನ ನಂಟು ದುರ್ಬಲವಾಗಿತ್ತು. ಹಾಗಾಗಿ ಅಂಕಕ್ಕಿಂತ ಮೊದಲು ನಿಮ್ಮ ವರದಿಯಲ್ಲಿ ರೇಡಿಯಾಲಜಿಸ್ಟ್ ಕಣ್ಣಿಂದ ನೋಡಿ ಬರೆದ ಸಾಲುಗಳನ್ನು ಓದಿ: ಹಳ್ಳ ಇದೆಯೇ, ಎಲ್ಲಿದೆ, ಎಷ್ಟು ಆಳ, ಮೆನಿಸ್ಕಸ್ ಹೇಗಿದೆ, ಮೂಳೆಯೊಳಗೆ ಊತ ಇದೆಯೇ, ಕೀಲಿನಲ್ಲಿ ನೀರು ತುಂಬಿದೆಯೇ. ಅಂಥ ಸಾಲುಗಳೇ ಇಲ್ಲದಿದ್ದರೆ ಕೇಂದ್ರಕ್ಕೆ ಹೋಗಿ ಕೇಳಿ. ಹಣ ಕೊಟ್ಟಿದ್ದೀರಿ, ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮುಖ್ಯ. ತೊಡೆಮೂಳೆಯ ಕಾರ್ಟಿಲೇಜ್ ದಪ್ಪವನ್ನು ವರದಿ ಮಾಡುವಾಗ ನಿಂತಾಗ ಭಾರ ಬೀಳುವ ನಡುಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿ ಸಂಶೋಧನೆಯಲ್ಲಿ ಬೇರೂರಿದೆ. ಚಕ್ಕಳಮಕ್ಕಳ ಹಾಕಿ ಕೂರುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ ಭಾರ ಬೀಳುವುದು ಅದರ ಹಿಂಬದಿಯ ಮೇಲೆ. ನೀವು ನೆಲದಿಂದ ಏಳುವಾಗ ನೋವು ಎಂದಿದ್ದೀರಿ; ನಿಮ್ಮ 63ರಲ್ಲಿ ಆ ಹಿಂಬದಿಯೂ ಸೇರಿದೆಯೇ, ಚಿಪ್ಪಿನ ಹಿಂದಿನ ಕಾರ್ಟಿಲೇಜ್ ಸೇರಿದೆಯೇ ಎಂದು ವಿಚಾರಿಸಿ. ಮೆಟ್ಟಿಲು ಇಳಿಯುವಾಗಿನ ನೋವು ಎಷ್ಟೋ ಸಲ ಚಿಪ್ಪಿನ ಕೀಲಿನದು.

ಬಣ್ಣದ ಚಿತ್ರದ ವಿಷಯಕ್ಕೆ ಬಂದರೆ, ಅದು ಬಹುಶಃ ಟಿ2 ನಕ್ಷೆ. ದಪ್ಪ ಕಡಿಮೆಯಾಗುವ ಮೊದಲೇ ಕಾರ್ಟಿಲೇಜಿನೊಳಗಿನ ಕೊಲಾಜೆನ್ ಹೆಣಿಗೆ ಸಡಿಲವಾಗಿ, ನೀರು ಹೆಚ್ಚು ಸ್ವತಂತ್ರವಾಗುತ್ತದೆ. ಆಗ ಎಂಆರ್‌ಐ ಸಂಕೇತ ಕುಂದಲು ಹಿಡಿಯುವ ಕಾಲ, ಅಂದರೆ ಟಿ2, ಉದ್ದವಾಗುತ್ತದೆ. ಮಿಲಿಸೆಕೆಂಡುಗಳಲ್ಲಿ ಅಳೆದ ಆ ಕಾಲವನ್ನೇ ಬಣ್ಣವಾಗಿ ತೋರಿಸುತ್ತಾರೆ. ಸವೆತಕ್ಕೆ ಮೊದಲಿನ ಬದಲಾವಣೆ ಕಾಣುವುದೆಂದರೆ ಸಣ್ಣ ಮಾತಲ್ಲ. ಈ ಕ್ಷೇತ್ರದಲ್ಲಿ ನನಗೆ ಅತಿ ಹೆಚ್ಚು ಭರವಸೆ ಇರುವುದೂ ಇಲ್ಲೇ. ಆದರೆ ಎಷ್ಟು ಮಿಲಿಸೆಕೆಂಡಿಗೆ ಕೆಂಪು, ಎಷ್ಟಕ್ಕೆ ಹಸಿರು ಎಂದು ನಿರ್ಧರಿಸುವುದು ಸಾಫ್ಟ್‌ವೇರ್. ಆರೋಗ್ಯವಾದ ಕಾರ್ಟಿಲೇಜಿನಲ್ಲೂ ಆಳದ ಪದರದ ಟಿ2 ಕಡಿಮೆ, ಮೇಲ್ಪದರದ್ದು ಹೆಚ್ಚು. ಕೊಲಾಜೆನ್ ಎಳೆಗಳು ಸ್ಕ್ಯಾನರಿನ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿರುವ ಕಡೆ ಯಾವ ರೋಗವೂ ಇಲ್ಲದೆ ಟಿ2 ಏರುತ್ತದೆ. ತೊಡೆಮೂಳೆಯ ತುದಿ ದುಂಡಗಿರುವುದರಿಂದ ಎಲ್ಲೋ ಒಂದು ಕಡೆ ಆ ಕೋನ ಬಂದೇ ಬರುತ್ತದೆ. ಚಿತ್ರದಲ್ಲಿ ಕೆಂಪು ಕಂಡ ಕಡೆಯೆಲ್ಲ ರೋಗ ಎಂದು ಹೆದರಬೇಡಿ.

ಉತ್ತರ ಅಮೆರಿಕದ ರೇಡಿಯಾಲಜಿ ಸೊಸೈಟಿಯ ಆಶ್ರಯದಲ್ಲಿ ಅಳತೆಗಳ ಗುಣಮಟ್ಟ ನಿಗದಿಪಡಿಸುವ ತಜ್ಞರ ಕೂಟವೊಂದು ಈ ಟಿ2 ಅಳತೆಗೂ ಮಾನದಂಡ ಕೊಟ್ಟಿದೆ. 3 ಟೆಸ್ಲಾ ಕಾಂತಶಕ್ತಿಯ ಸ್ಕ್ಯಾನರಿನಲ್ಲಿ, ಎಲ್ಲ ಶಿಸ್ತು ಪಾಲಿಸಿ, ಒಬ್ಬರನ್ನೇ ಎರಡು ಸಲ ಅಳೆದರೂ ಶೇ 4ರಿಂದ 5ರಷ್ಟು ಏರುಪೇರು ಇರುತ್ತದೆ. ಆದ್ದರಿಂದ ಎರಡು ಸ್ಕ್ಯಾನುಗಳ ನಡುವೆ ಸುಮಾರು ಶೇ 14ರಷ್ಟು ವ್ಯತ್ಯಾಸ ಬಂದರೆ ಮಾತ್ರ ನಿಜವಾದ ಬದಲಾವಣೆ ಎನ್ನಬಹುದು. ಆರು ತಿಂಗಳ ನಂತರ ನಿಮ್ಮ ಅಂಕ 63ರಿಂದ 67ಕ್ಕೆ ಏರಿತು ಎಂದರೆ, ಇಂಥದೇ ಏರುಪೇರು ಇರುವ ಅಳತೆಯಲ್ಲಿ ಅದಕ್ಕೆ ಅರ್ಥವೇ ಇಲ್ಲ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ಸ್ಕ್ಯಾನಿಗೆ ಮೊದಲು ಅರ್ಧ ಗಂಟೆ ಕೂತಿದ್ದಿರೋ, ಬಸ್‌ಸ್ಟ್ಯಾಂಡಿನಿಂದ ಬಿರುಸಾಗಿ ನಡೆದು ಬಂದು ಸೀದಾ ಮಲಗಿದಿರೋ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಭಾರ ಬಿದ್ದಾಗ ಕಾರ್ಟಿಲೇಜ್ ನೀರು ಬಿಟ್ಟು ತುಸು ಒತ್ತಿಕೊಳ್ಳುತ್ತದೆ.

ಅಳತೆ ಕರಾರುವಾಕ್ಕಾಗಿದೆ ಎಂದೇ ಇಟ್ಟುಕೊಳ್ಳೋಣ. ನೋವಿನ ಕಾರಣ ಸಿಕ್ಕಿತೇ? ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50 ದಾಟಿದ, ಎಕ್ಸ್‌ರೇಯಲ್ಲಿ ಸವೆತವೇ ಕಾಣದ 710 ಜನರಿಗೆ ಎಂಆರ್‌ಐ ಮಾಡಿದರು. 2012ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಶೇ 89 ಜನರಲ್ಲಿ ಒಂದಲ್ಲ ಒಂದು ದೋಷ ಕಂಡಿತು, ಶೇ 69 ಜನರಲ್ಲಿ ಕಾರ್ಟಿಲೇಜ್ ಹಾನಿಯೇ ಇತ್ತು. ಮಂಡಿ ನೋವು ಇದ್ದವರಲ್ಲೂ ಇಲ್ಲದವರಲ್ಲೂ ದೋಷಗಳ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಸಹೋದ್ಯೋಗಿಗಳಲ್ಲಿ ನೋವೇ ಇಲ್ಲದ ಯಾರನ್ನಾದರೂ ಅದೇ ಸ್ಕ್ಯಾನರಿನಲ್ಲಿ ಮಲಗಿಸಿದರೆ ಅವರಿಗೂ ಕೆಂಪು-ಹಳದಿ ಚಿತ್ರ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ.

ಇದಕ್ಕೆ ಮತ್ತೊಂದು ಮುಖವೂ ಇದೆ, ಅದು ನನಗೆ ಬಹಳ ಮುಖ್ಯವೆನಿಸುತ್ತದೆ. 2021ರಲ್ಲಿ ಅಮೆರಿಕದ ಸಂಶೋಧಕರು ಕಂಪ್ಯೂಟರಿಗೆ ವೈದ್ಯರ ಗ್ರೇಡನ್ನು ಕಲಿಸದೆ, ಎಕ್ಸ್‌ರೇ ನೋಡಿ ರೋಗಿ ಹೇಳಿದ ನೋವನ್ನು ಊಹಿಸುವುದನ್ನು ಕಲಿಸಿದರು. ಕಪ್ಪು ಜನಾಂಗದ ರೋಗಿಗಳು ಇತರರಿಗೆ ಹೋಲಿಸಿದರೆ ಹೇಳಿಕೊಳ್ಳುತ್ತಿದ್ದ ಹೆಚ್ಚಿನ ನೋವಿಗೆ ಹಳೆಯ ಗ್ರೇಡುಗಳು ಶೇ 9ರಷ್ಟು ಮಾತ್ರ ವಿವರಣೆ ಕೊಟ್ಟಿದ್ದವು. ಈ ಪ್ರೋಗ್ರಾಂ ಶೇ 43ರಷ್ಟನ್ನು ಎಕ್ಸ್‌ರೇಯಲ್ಲೇ ಪತ್ತೆ ಮಾಡಿತು. ವೈದ್ಯರ ಕಣ್ಣು ಹುಡುಕದೆ ಬಿಟ್ಟದ್ದು ಚಿತ್ರದಲ್ಲಿ ಇತ್ತು. ಯಾರ ಮಂಡಿಗಳನ್ನು ನೋಡಿ, ಏನನ್ನು ಕಲಿತಿದೆ ಎಂಬುದರ ಮೇಲೆ ಕಂಪ್ಯೂಟರಿನ ಉತ್ತರ ನಿಂತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಮ್ಮಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಾದ ಹಂದಿಗೋಡು ಕಾಯಿಲೆ ಇದೆ. ವಂಶಪಾರಂಪರ್ಯವಾಗಿ ಬಂದು ಸೊಂಟ ಮತ್ತಿತರ ಕೀಲುಗಳ ಆಕಾರವನ್ನೇ ಕೆಡಿಸುವ ರೋಗ ಅದು. ಅಮೆರಿಕದ ಮಂಡಿಗಳಿಂದ ಕಲಿತ ಪ್ರೋಗ್ರಾಂ ಅಂಥ ಕೀಲಿಗೂ ಒಂದು ಅಂಕ ಕೊಡುತ್ತದೆ, ಆದರೆ ಅದನ್ನು ಒಪ್ಪಲು ಆಧಾರವೇ ಇರುವುದಿಲ್ಲ. ಮಲೆನಾಡಿನ, ಬಯಲುಸೀಮೆಯ, ಗದ್ದೆಯಲ್ಲಿ ಬಗ್ಗಿ ದುಡಿಯುವ ಹೆಂಗಸರ ಕೀಲುಗಳ ಚಿತ್ರಗಳು ಈ ಪ್ರೋಗ್ರಾಂಗಳ ಕಲಿಕೆಯಲ್ಲಿ ಸೇರಲೇಬೇಕು.

ಪಿಆರ್‌ಪಿ ವಿಷಯದಲ್ಲಿ ನಿಮಗೆ ನೇರವಾಗಿ ಹೊಂದುವ ಪ್ರಯೋಗವೊಂದು ಆಸ್ಟ್ರೇಲಿಯಾದಲ್ಲಿ ನಡೆದಿದೆ, 2021ರಲ್ಲಿ ಪ್ರಕಟವಾಗಿದೆ. 50 ದಾಟಿದ, ಗ್ರೇಡ್ 2 ಅಥವಾ 3 ಸವೆತವಿದ್ದ 288 ಜನ. ಅರ್ಧ ಜನಕ್ಕೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ ಇಂಜೆಕ್ಷನ್, ಉಳಿದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್. ಯಾರಿಗೆ ಯಾವುದು ಎಂದು ಅವರಿಗೇ ತಿಳಿದಿರಲಿಲ್ಲ. ಒಂದು ವರ್ಷದ ನಂತರ ಎಂಆರ್‌ಐ ಚಿತ್ರಗಳಿಂದ ಟಿಬಿಯಾದ ಒಳಬದಿಯ ಕಾರ್ಟಿಲೇಜ್ ಗಾತ್ರ ಅಳೆದರು: ಪಿಆರ್‌ಪಿ ಪಡೆದವರಲ್ಲಿ ಶೇ 1.4 ಕಡಿಮೆಯಾಗಿತ್ತು, ಉಪ್ಪುನೀರು ಪಡೆದವರಲ್ಲಿ ಶೇ 1.2. ಹತ್ತರ ಮಾಪಕದಲ್ಲಿ ನೋವು ಪಿಆರ್‌ಪಿ ಗುಂಪಿನಲ್ಲಿ 2.1, ಉಪ್ಪುನೀರಿನ ಗುಂಪಿನಲ್ಲಿ 1.8 ಇಳಿದಿತ್ತು, ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಉಪ್ಪುನೀರಿಗೂ ಇಷ್ಟು ನೋವು ಇಳಿಯುತ್ತದೆ ಎಂಬುದರಿಂದ, ‘ಇಂಜೆಕ್ಷನ್ ತೆಗೆದುಕೊಂಡೆ, ಹಗುರಾಯಿತು’ ಎನ್ನುವ ಪರಿಚಯದವರ ಮಾತು ಸುಳ್ಳಲ್ಲ ಎಂಬುದೂ ಗೊತ್ತಾಗುತ್ತದೆ. ಕಾರ್ಟಿಲೇಜ್ ಬೆಳೆಯಿತು ಎಂಬುದು ಮಾತ್ರ ಅದರಿಂದ ಸಾಬೀತಾಗುವುದಿಲ್ಲ.

ದಪ್ಪ ನಿಜವಾಗಿಯೂ ಏರಿದ ಉದಾಹರಣೆಯೂ ಇದೆ. ಸ್ಪ್ರೈಫರ್ಮಿನ್ ಎಂಬ, ಇನ್ನೂ ಪ್ರಯೋಗದ ಹಂತದಲ್ಲಿದ್ದ ಇಂಜೆಕ್ಷನನ್ನು 549 ಜನರ ಮೇಲೆ ಪರೀಕ್ಷಿಸಿದ ವರದಿ 2019ರಲ್ಲಿ ಬಂತು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಎರಡು ವರ್ಷದ ನಂತರ ಕಾರ್ಟಿಲೇಜ್ ಹುಸಿಮದ್ದಿನವರಿಗಿಂತ 0.05 ಮಿಲಿಮೀಟರ್ ದಪ್ಪವಿತ್ತು. ಪರದೆಯ ಮೇಲಿನ ಒಂದು ಚುಕ್ಕಿಯ ಎಂಟನೇ ಒಂದು ಪಾಲು; ನೂರಾರು ಜನರ ಸರಾಸರಿ ತೆಗೆದದ್ದರಿಂದ ಮಾತ್ರ ಸಿಕ್ಕಿದ ವ್ಯತ್ಯಾಸ. ನೋವಿನಲ್ಲಿ ಹುಸಿಮದ್ದಿಗೂ ಅದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಂಪ್ಯೂಟರ್ ಅಳತೆಯ ನಿಜವಾದ ಬಲ ಇಂಥಲ್ಲಿದೆ: ಒಂದೇ ಬಗೆಯ ಸ್ಕ್ಯಾನರ್, ಒಂದೇ ವಿಧಾನ, ನೂರಾರು ಜನ, ವರ್ಷಗಟ್ಟಲೆ ಅನುಸರಣೆ. ಒಬ್ಬರ ಮಂಡಿಯಲ್ಲಿ ಆರು ತಿಂಗಳ ಬದಲಾವಣೆ ಹಿಡಿಯುವ ಶಕ್ತಿ ಅದಕ್ಕೆ ಇನ್ನೂ ಬಂದಿಲ್ಲ.

ಈಗ ನಿಮಗೆ ಬೇಕಾದದ್ದು ಏನು? ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಪ್ರಕಾರ ವಯಸ್ಸು 45 ಅಥವಾ ಹೆಚ್ಚಾಗಿದ್ದು, ಓಡಾಟದಿಂದ ನೋವು ಬರುತ್ತಿದ್ದು, ಬೆಳಗಿನ ಬಿಗಿತ ಅರ್ಧ ಗಂಟೆ ಮೀರದಿದ್ದರೆ ಸವೆತವನ್ನು ಸ್ಕ್ಯಾನ್ ಇಲ್ಲದೆಯೇ ಗುರುತಿಸಬಹುದು. ನೀವು ಬರೆದ ಮೂರು ಸಾಲಿನಲ್ಲಿ ಅದೆಲ್ಲವೂ ಇದೆ. ತೊಡೆಯ ಮುಂಭಾಗದ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತು ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ತೂಕ ಹೆಚ್ಚಿದ್ದರೆ ಇಳಿಸಿ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. ಇಂಜೆಕ್ಷನ್ನಿಗೆ ಎತ್ತಿಟ್ಟ ಹಣವನ್ನು ಫಿಸಿಯೋಥೆರಪಿಗೆ ಹಾಕಿ ಎಂದು ನಾನು ನನ್ನ ಅಕ್ಕನಿಗೂ ಹೇಳುತ್ತೇನೆ.

ಎಂಆರ್‌ಐ ಸಿಡಿಯನ್ನು ಜೋಪಾನವಾಗಿಡಿ. ಬಣ್ಣದ ಪ್ರಿಂಟ್ ಸಾಲದು, ಸ್ಕ್ಯಾನರಿನ ಮೂಲ ಚಿತ್ರಗಳಿರುವ ಡೈಕಾಮ್ ಕಡತಗಳೇ ಬೇಕು. ಮುಂದೆ ಎಂದಾದರೂ ಹೋಲಿಸುವ ಅಗತ್ಯ ಬಿದ್ದರೆ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಒಂದೇ ಸಾಫ್ಟ್‌ವೇರಿನಲ್ಲಿ ಅಳೆಯಲು ಅವಿದ್ದರೆ ಮಾತ್ರ ಸಾಧ್ಯ. ಆರು ತಿಂಗಳ ಮರುಸ್ಕ್ಯಾನ್ ಬೇಡ. ಮಂಡಿ ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡು ಕಾಲು ಚಾಚಲಾಗದಿದ್ದರೆ, ಉಳುಕಿ ಬಿದ್ದ ಮೇಲೆ ಊದಿದರೆ, ವ್ಯಾಯಾಮ ಮಾಡಿಯೂ ನೋವು ಏರುತ್ತಲೇ ಹೋದರೆ ಆಗ ಮೂಳೆ ತಜ್ಞರು ಹೇಳಿದಂತೆ ಸ್ಕ್ಯಾನ್ ಮಾಡಿಸಿ. ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾದರೆ ಸ್ಕ್ಯಾನಿಂಗ್ ಕೇಂದ್ರದ ಕಡೆ ಹೋಗದೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೀಲಿನ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಬೇಕಾಗುತ್ತದೆ.